ಗಾಜು ಉಳಿಯುತ್ತದೆ, ರಬ್ಬರ್ ಹೋಗುತ್ತದೆ: ಹಳೆಯ ಕ್ಯಾಮೆರಾ ಮತ್ತು ಆಡಿಯೊ ಸಲಕರಣೆಗಳನ್ನು ಬಳಕೆಯಲ್ಲಿಡುವ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಮೂವತ್ತು ನಲವತ್ತು ವರ್ಷ ಹಳೆಯ ಕ್ಯಾಮೆರಾವನ್ನೋ ಕ್ಯಾಸೆಟ್ ಡೆಕ್ಕನ್ನೋ ಬಿಚ್ಚಿ ನೋಡಿ. ಹಿತ್ತಾಳೆಯ ಗಿಯರ್ ಅಷ್ಟಾಗಿ ಸವೆದಿರುವುದಿಲ್ಲ. ಲೆನ್ಸಿನ ಗಾಜು ಹಾಗೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟಿರುವುದು ಅಪರೂಪ. ಹಾಳಾಗಿರುವುದು ಹೆಚ್ಚಾಗಿ ಮೆತ್ತಗಿನ, ಜಿಡ್ಡಿನ, ದ್ರವದ ವಸ್ತುಗಳು: ರಬ್ಬರ್ ಬೆಲ್ಟು, ಫೋಮು, ಗ್ರೀಸು, ಬ್ಯಾಟರಿ, ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗಿನ ದ್ರವ. ಅಂದರೆ ಮಾಡಲು ಕಷ್ಟವಾದ ಭಾಗ ಉಳಿದಿದೆ, ಸುಲಭವಾಗಿ ಬದಲಿಸಬಹುದಾದ ಭಾಗ ಹೋಗಿದೆ. ಈ ಕೊಳ್ಳುಬಾಕ ಕಾಲದಲ್ಲಿ ನಾವು ಎರಡನ್ನೂ ಒಟ್ಟಿಗೆ ಎಸೆಯುತ್ತಿದ್ದೇವೆ. ಇವತ್ತು ಆ ಮೆತ್ತಗಿನ ವಸ್ತುಗಳ ಬಗ್ಗೆಯೇ ಹೆಚ್ಚು ಮಾತಾಡೋಣ. ಅವು ಎಲ್ಲಿರುತ್ತವೆ, ಯಾಕೆ ಕೆಡುತ್ತವೆ, ಹೇಗೆ ಬದಲಿಸಬೇಕು ಎಂಬುದು ತಿಳಿದರೆ ಹಳೆಯ ಸಾಮಾನಿನ ಭಯ ಅರ್ಧ ಕಡಿಮೆಯಾಗುತ್ತದೆ.

ಅದಕ್ಕೆ ಮೊದಲು ಒಂದು ಲೆಕ್ಕ. ಹಳೆಯದು ಸಾಕಾಗುವುದಿಲ್ಲ ಎನ್ನುವವರು ಈ ಲೆಕ್ಕವನ್ನು ಹಾಕಿ ನೋಡಿರುವುದು ಕಡಿಮೆ. ನಿಕಾನ್ ಡಿ70 ಎಂಬ ಡಿಜಿಟಲ್ ಕ್ಯಾಮೆರಾ 2004ರಲ್ಲಿ ಬಂತು. ಅದರ ಚಿತ್ರದ ಅಳತೆ 3008×2000 ಪಿಕ್ಸೆಲ್, ಸುಮಾರು 60 ಲಕ್ಷ. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 10 ಇಂಚು ಅಗಲದ ಚಿತ್ರ ಸಿಗುತ್ತದೆ. 200ರಂತೆ ಮುದ್ರಿಸಿದರೆ 15×10 ಇಂಚು, ಗೋಡೆಗೆ ಹಾಕಿ ತೋಳಿನಷ್ಟು ದೂರದಿಂದ ನೋಡಲು ಧಾರಾಳ. ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು ಸುಮಾರು 20 ಲಕ್ಷ ಪಿಕ್ಸೆಲ್ ಮಾತ್ರ. ಆಡಿಯೊದಲ್ಲೂ ಹಾಗೆಯೇ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ 16 ಬಿಟ್, 44.1 ಕಿಲೊಹರ್ಟ್ಸ್ ಅಳತೆ ಮನುಷ್ಯನ ಕಿವಿಗೆ ಕೇಳುವ 20 ಕಿಲೊಹರ್ಟ್ಸ್‌ವರೆಗಿನ ಶ್ರುತಿಯನ್ನೆಲ್ಲ ಹಿಡಿಯುತ್ತದೆ. ಕಗ್ಗತ್ತಲಲ್ಲಿ ಫೋಟೊ, ಹಾರುವ ಹಕ್ಕಿಯ ಮೇಲೆ ತಾನೇ ಕೂರುವ ಫೋಕಸ್, ವಿಡಿಯೊ ಇವುಗಳಲ್ಲಿ ಹೊಸ ಕ್ಯಾಮೆರಾ ನಿಜಕ್ಕೂ ಬಹಳ ಮುಂದಿದೆ. ಆ ಕೆಲಸ ನಿಮ್ಮದಾದರೆ ಹೊಸದನ್ನೇ ಕೊಳ್ಳಿ. ಹಗಲಿನ ಬೆಳಕು, ನಿಂತ ಮನುಷ್ಯ, ಮನೆಯ ಸಂಗೀತ ಇಷ್ಟಕ್ಕೆ ಹಳೆಯದರಲ್ಲಿ ಕೊರತೆಯಿಲ್ಲ.

ಹಾಗಿದ್ದರೆ ಇವು ಮೂಲೆ ಸೇರುವುದೇಕೆ? ಎಷ್ಟೋ ಸಲ ಬ್ಯಾಟರಿ, ಕಾರ್ಡ್, ಪ್ಲಗ್ಗು ಈ ಮೂರರಲ್ಲಿ ಒಂದು ಹೊಂದದಿರುವುದಕ್ಕೆ.

ಕಾರ್ಡ್ ಮತ್ತು ಬ್ಯಾಟರಿ

ಕಾರ್ಡಿನ ಗೊಂದಲ ತೀರ ಸಾಮಾನ್ಯ. ಎಸ್‌ಡಿ ಕಾರ್ಡುಗಳು ನೋಡಲು ಎಲ್ಲ ಒಂದೇ, ಒಳಗೆ ಬೇರೆ ಬೇರೆ ತಲೆಮಾರು. ಮೊದಲಿನ ಎಸ್‌ಡಿಗೆ 2 ಜಿಬಿ ಮಿತಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿಗೆ 32 ಜಿಬಿ. 2009ರ ಎಸ್‌ಡಿಎಕ್ಸ್‌ಸಿ ಅದಕ್ಕೂ ಮೇಲೆ. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಓದುತ್ತದೆ, ಹಳೆಯ ಕ್ಯಾಮೆರಾ ಹೊಸ ಕಾರ್ಡನ್ನು ಓದುವುದಿಲ್ಲ. 2005ರ ಕ್ಯಾಮೆರಾಕ್ಕೆ 32 ಜಿಬಿ ಕಾರ್ಡ್ ಹಾಕಿ, ‘ಕಾರ್ಡ್ ಎರರ್’ ಬಂದದ್ದನ್ನು ನೋಡಿ ಕ್ಯಾಮೆರಾ ಸತ್ತಿದೆ ಎಂದು ತೀರ್ಮಾನಿಸುವವರು ಬಹಳ. 2 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್ ಹಾಕಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ನೋಡಿ. ಕಾಂಪ್ಯಾಕ್ಟ್‌ಫ್ಲ್ಯಾಷ್ ಕಾರ್ಡಿನ ಕ್ಯಾಮೆರಾವಾದರೆ ಗೂಡಿನೊಳಗೆ ಟಾರ್ಚ್ ಹಾಕಿ ನೋಡಿ. ಒಳಗೆ 50 ಸಣ್ಣ ಪಿನ್ನುಗಳಿವೆ. ಕಾರ್ಡನ್ನು ಓರೆಯಾಗಿ ಒತ್ತಿದರೆ ಒಂದು ಬಾಗುತ್ತದೆ, ಅಲ್ಲಿಗೆ ಕಾರ್ಡು ಕೂರುವುದಿಲ್ಲ. ಬ್ಯಾಟರಿ ತೆಗೆದು, ಸೀಸ ಖಾಲಿ ಮಾಡಿದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯ ಕೊಳವೆಯನ್ನು ಆ ಪಿನ್ನಿನ ಮೇಲೆ ತೂರಿಸಿ, ಒಂದೇ ಸಲ ನಿಧಾನವಾಗಿ ನೆಟ್ಟಗೆ ಮಾಡಬೇಕು. ಹಿಂದೆ ಮುಂದೆ ಆಡಿಸಿದರೆ ಪಿನ್ನು ಮುರಿಯುತ್ತದೆ.

ಡಬಲ್ ಎ ಸೆಲ್ಲಿನಲ್ಲಿ ಓಡುವ ಹಳೆಯ ಡಿಜಿಟಲ್ ಕ್ಯಾಮೆರಾಕ್ಕೆ ಸಾಮಾನ್ಯ ಆಲ್ಕಲೈನ್ ಸೆಲ್ ಹಾಕಬೇಡಿ. ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಸೆಲ್ ಇನ್ನೂ ಅರ್ಧ ತುಂಬಿರುವಾಗಲೇ ಕ್ಯಾಮೆರಾ ಆರಿಹೋಗುತ್ತದೆ. ತಾನಾಗಿ ಇಳಿಯುವ ಪ್ರಮಾಣ ಕಡಿಮೆಯಿರುವ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲುಗಳೇ ಇದಕ್ಕೆ ಸರಿ. ಲಿಥಿಯಂ ಅಯಾನ್ ಪ್ಯಾಕುಗಳನ್ನು ತಿಂಗಳುಗಟ್ಟಲೆ ಇಡುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಿ. ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ಬಿದ್ದಿದ್ದ ಪ್ಯಾಕನ್ನು ಬಲವಂತವಾಗಿ ಚಾರ್ಜ್ ಮಾಡಬಾರದು. ಹೊಟ್ಟೆ ಉಬ್ಬಿದ ಪ್ಯಾಕನ್ನು ಕ್ಯಾಮೆರಾದೊಳಗೆ ತುರುಕುವ ಪ್ರಶ್ನೆಯೇ ಇಲ್ಲ, ಅದು ಇ-ತ್ಯಾಜ್ಯಕ್ಕೆ ಹೋಗಬೇಕು.

ಫಿಲ್ಮ್ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕಿದೆ. 1960–70ರ ದಶಕದ ಬಹಳಷ್ಟು ಕ್ಯಾಮೆರಾಗಳ ಬೆಳಕು ಅಳೆಯುವ ಲೈಟ್ ಮೀಟರು 1.35 ವೋಲ್ಟಿನ ಪಾದರಸದ ಸೆಲ್ಲನ್ನು ನಂಬಿಕೊಂಡಿತ್ತು. ಆ ಸೆಲ್ ಸಾಯುವವರೆಗೂ ಒಂದೇ ವೋಲ್ಟೇಜ್ ಕೊಡುತ್ತಿತ್ತು. ಪಾದರಸ ವಿಷವೆಂದು ಅದನ್ನು ನಿಲ್ಲಿಸಲಾಯಿತು, ಅದು ಸರಿಯಾದ ನಿರ್ಧಾರವೇ. ಅದರ ಜಾಗಕ್ಕೆ ಅಷ್ಟೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದು ತೋರಿಸುತ್ತದೆ, ಚಿತ್ರ ಕಪ್ಪಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಆಲ್ಕಲೈನಿನ ವೋಲ್ಟೇಜ್ ದಿನದಿಂದ ದಿನಕ್ಕೆ ಇಳಿಯುತ್ತ ಹೋಗುತ್ತದೆ, ಹಾಗಾಗಿ ತಪ್ಪಿನ ಪ್ರಮಾಣವೂ ಬದಲಾಗುತ್ತಿರುತ್ತದೆ. ದಾರಿಗಳು ಮೂರು. ಶ್ರವಣಯಂತ್ರಕ್ಕೆ ಹಾಕುವ 675 ಅಳತೆಯ ಝಿಂಕ್ ಏರ್ ಸೆಲ್ ಸುಮಾರು 1.4 ವೋಲ್ಟ್ ಕೊಡುತ್ತದೆ, ಸುತ್ತ ಒಂದು ಉಂಗುರ ಹಾಕಿ ಕೂರಿಸಬೇಕು. ಅಂಟುಪಟ್ಟಿ ಕಿತ್ತ ಮೇಲೆ ಗಾಳಿ ತಾಗಿ ಅದು ಕೆಲವು ವಾರಗಳಲ್ಲಿ ಮುಗಿಯುತ್ತದೆ. ಎರಡನೆಯದು 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಸೆಲ್ಲಿನ ಜೊತೆ ಶಾಟ್ಕಿ ಡಯೋಡ್ ಇರುವ ಅಡಾಪ್ಟರ್. ಡಯೋಡು ಸುಮಾರು 0.2 ವೋಲ್ಟ್ ತಿಂದುಬಿಡುತ್ತದೆ. ಹೆಚ್ಚು ಕಾಲ ಬಳಸುವವರಿಗೆ ಇದೇ ಉತ್ತಮ. ಮೂರನೆಯದು ಮೀಟರನ್ನೇ ಮರೆತು ಕಣ್ಣಳತೆಯಲ್ಲಿ ತೆಗೆಯುವುದು: ಚುರುಕು ಬಿಸಿಲಿನಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/16ರಲ್ಲಿ; ಶಟರ್ ವೇಗ ಐಎಸ್‌ಒ, ಅಂದರೆ ಫಿಲ್ಮು ಬೆಳಕಿಗೆ ಎಷ್ಟು ಚುರುಕು ಎಂಬ ಸಂಖ್ಯೆಗೆ ಸಮೀಪ. 200 ಐಎಸ್‌ಒ ಫಿಲ್ಮಿಗೆ 1/250. ತೆಳುಮೋಡಕ್ಕೆ ಎಫ್/11, ಮೋಡ ಕವಿದರೆ ಎಫ್/8, ತೆರೆದ ನೆರಳಿಗೆ ಎಫ್/5.6 ಅಥವಾ ಎಫ್/4. ನೆಗೆಟಿವ್ ಫಿಲ್ಮು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಅಷ್ಟಾಗಿ ಸಹಿಸುವುದಿಲ್ಲ. ಅನುಮಾನ ಬಂದರೆ ಹೆಚ್ಚು ಬೆಳಕಿನ ಕಡೆಗೇ ವಾಲಿ. ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾದ ಮೀಟರು ಬ್ರಿಡ್ಜ್ ಸರ್ಕಿಟಿನದು, ಅದಕ್ಕೆ ವೋಲ್ಟೇಜಿನ ಈ ಸಣ್ಣ ವ್ಯತ್ಯಾಸ ತಟ್ಟುವುದಿಲ್ಲ.

ಫೋಮು, ಶಟರು, ಫಂಗಸ್

ಕ್ಯಾಮೆರಾದ ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ನುಗ್ಗದಂತೆ ಹಾಕಿರುವ ಪಾಲಿಯುರೆಥೇನ್ ಫೋಮು ಇಪ್ಪತ್ತು ವರ್ಷ ಕಳೆಯುವುದರೊಳಗೆ ಟಾರಿನಂತೆ ಅಂಟಂಟಾಗಿರುತ್ತದೆ. ಇದನ್ನು ಬದಲಿಸುವುದು ಯಾರಾದರೂ ಮನೆಯಲ್ಲೇ ಮಾಡಬಹುದಾದ ಮೊದಲ ರಿಪೇರಿ. ಬಾಗಿಲು ತೆರೆದು, ಶಟರಿನ ಪರದೆಯ ಮೇಲೆ ಅಳತೆಗೆ ಕತ್ತರಿಸಿದ ಕಾಗದ ಇಡಿ. ಪರದೆಯನ್ನು ಬೆರಳಿನಿಂದ ಮುಟ್ಟಕೂಡದು. ಕ್ಯಾಮೆರಾವನ್ನು ವಾಲಿಸಿ ಹಿಡಿದರೆ ಕೆರೆದ ಹುಡಿ ಹೊರಗೇ ಬೀಳುತ್ತದೆ. ಮರದ ಕಡ್ಡಿಯಿಂದ ಅಂಟನ್ನು ಕೆರೆದು ತೆಗೆದು, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಬ್ಬಿಣದ ಮೊನೆ ಬಳಸಿದರೆ ಕಪ್ಪು ಬಣ್ಣ ಹೋಗಿ ಒಳಗೆ ಲೋಹ ಹೊಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ಕೀಲಿನ ಬದಿಗೆ 1.5ರಿಂದ 2 ಮಿ.ಮೀ. ದಪ್ಪದ ಕಪ್ಪು ಫೋಮು, ಮೇಲೆ ಕೆಳಗೆ ಇರುವ ಕಿರಿದಾದ ತೋಡಿಗೆ 1 ಮಿ.ಮೀ. ಫೋಮು ಅಥವಾ ಕಪ್ಪು ಉಣ್ಣೆಯ ನೂಲು. ಅಂಟಿನ ಬದಿಗೆ ತುಸು ನೀರು ಸವರಿದರೆ ಅದು ತಕ್ಷಣ ಹಿಡಿಯುವುದಿಲ್ಲ, ಪಟ್ಟಿಯನ್ನು ಜರುಗಿಸಿ ಸರಿಯಾಗಿ ಕೂರಿಸಬಹುದು. ಫೋಮು ದಪ್ಪವಾದರೆ ಬಾಗಿಲು ಮುಚ್ಚಲು ಬಲ ಬೇಕಾಗುತ್ತದೆ, ಕೀಲು ಸೋಲುತ್ತದೆ.

ಎಸ್‌ಎಲ್‌ಆರ್, ಅಂದರೆ ಒಳಗಿನ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡುವ ಕ್ಯಾಮೆರಾದಲ್ಲಿ ಕನ್ನಡಿ ಮೇಲೆದ್ದು ಬಡಿಯುವ ಜಾಗದಲ್ಲೂ ಇಂಥದೇ ಫೋಮಿರುತ್ತದೆ. ಅದು ಅಂಟಾದರೆ ಕನ್ನಡಿ ಮೇಲೇ ಕಚ್ಚಿಕೊಳ್ಳುತ್ತದೆ. ಅದನ್ನು ತೆಗೆಯುವಾಗ ಹುಡಿ ಫೋಕಸಿಂಗ್ ಸ್ಕ್ರೀನಿನ ಮೇಲೆ ಬೀಳದಂತೆ ಕ್ಯಾಮೆರಾವನ್ನು ಹಿಡಿಯುವುದು ಬಹಳ ಮುಖ್ಯ. ಸ್ಕ್ರೀನು ಮೆತ್ತನೆಯ ಪ್ಲಾಸ್ಟಿಕ್ಕು, ಕನ್ನಡಿಯ ಲೇಪ ಗಾಜಿನ ಮುಂಬದಿಯಲ್ಲೇ ಇರುತ್ತದೆ. ಎರಡಕ್ಕೂ ಆಲ್ಕೊಹಾಲಾಗಲಿ ಬಟ್ಟೆಯಾಗಲಿ ತಾಗಬಾರದು, ರಬ್ಬರ್ ಬ್ಲೋವರಿನ ಗಾಳಿ ಮಾತ್ರ.

ಶಟರಿನ ಕೆಳವೇಗಗಳು ನಿಧಾನವಾಗುವುದು ಗ್ರೀಸು ಗಟ್ಟಿಯಾದ್ದರಿಂದ. ಅದನ್ನು ಅಳೆಯಲು ವಿಶೇಷ ಉಪಕರಣವೇನೂ ಬೇಡ. ಫೋನಿನ ಸ್ಲೋ ಮೋಷನ್ ವಿಡಿಯೊವನ್ನು ಸೆಕೆಂಡಿಗೆ 240 ಫ್ರೇಮಿಗೆ ಇಟ್ಟು, ಹಿಂಬಾಗಿಲು ತೆರೆದು, ಲೆನ್ಸ್ ತೆಗೆದು, ಬೆಳಕಿನ ಕಡೆ ಮುಖಮಾಡಿ ಶಟರ್ ಒತ್ತಿ. 1/15 ವೇಗದಲ್ಲಿ 16 ಫ್ರೇಮುಗಳಲ್ಲಿ ಬೆಳಕು ಕಾಣಬೇಕು, 1/30ರಲ್ಲಿ 8, 1/60ರಲ್ಲಿ 4. ಅದಕ್ಕಿಂತ ಹೆಚ್ಚಿನ ವೇಗಕ್ಕೆ ಈ ಅಳತೆ ಸಾಲದು. ಎಂಟು ಇರಬೇಕಾದಲ್ಲಿ ಹತ್ತು ಬಂದರೆ ಚಿಂತೆ ಬೇಡ, ನೆಗೆಟಿವ್ ಫಿಲ್ಮು ಅದನ್ನು ನುಂಗಿಕೊಳ್ಳುತ್ತದೆ. ಇಪ್ಪತ್ತು ಬಂದರೆ ಒಳಗಿನ ಗಿಯರುಗಳನ್ನು ತೊಳೆದು ಎಣ್ಣೆ ಬದಲಿಸುವ ಕೆಲಸವಿದೆ. ಅದು ಕೈ ಪಳಗಿದವರ ಕೆಲಸ. ದಯವಿಟ್ಟು ಶಟರಿನೊಳಗೆ ಎಣ್ಣೆ ಸಿಂಪಡಿಸಬೇಡಿ. ಆ ಎಣ್ಣೆ ಬ್ಲೇಡುಗಳಿಗೆ ಹರಡಿ, ಇವತ್ತು ಓಡಿದ್ದು ಮುಂದಿನ ತಿಂಗಳು ನಿಲ್ಲುತ್ತದೆ.

ಸ್ಕ್ರೂ ಬಗ್ಗೆ ಒಂದು ಮಾತು. ಜಪಾನಿನಲ್ಲಿ ತಯಾರಾದ ಹಳೆಯ ಕ್ಯಾಮೆರಾ, ಡೆಕ್ಕುಗಳ ಪ್ಲಸ್ ಸ್ಕ್ರೂಗಳು ಜೆಐಎಸ್ ಅಳತೆಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಬಲ ಹಾಕಿದಾಗ ಜಾರಿ ಸ್ಕ್ರೂವಿನ ತಲೆಯನ್ನು ಕೆಡಿಸುತ್ತದೆ. ಜೆಐಎಸ್ ಡ್ರೈವರುಗಳ ಒಂದು ಸೆಟ್ಟು ಇಡೀ ಹವ್ಯಾಸಕ್ಕೆ ಸಾಕು.

ಇನ್ನು ಫಂಗಸ್, ಅಂದರೆ ಲೆನ್ಸಿನೊಳಗಿನ ಬೂಷ್ಟು. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಹೆದರುವವರಿದ್ದಾರೆ. ಅದರ ಬೀಜಾಣು ಗಾಳಿಯಲ್ಲಿ ಎಲ್ಲೆಲ್ಲೂ ಇದ್ದೇ ಇದೆ. ಬೆಳೆಯಲು ಬೇಕಾದದ್ದು ತೇವ. ತೇವಾಂಶ ಶೇಕಡಾ 60 ದಾಟಿ ವಾರಗಟ್ಟಲೆ ಇದ್ದರೆ, ಕತ್ತಲಿದ್ದರೆ, ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಅದರೊಳಗೆ ಇಡುವುದು ಕೆಟ್ಟ ರೂಢಿ. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ 100 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ, ಇಷ್ಟಿದ್ದರೆ ಸಾಕು. ಮಾಪಕ ಶೇಕಡಾ 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ಜೆಲ್ ಸ್ವಲ್ಪ ಹೊರತೆಗೆಯಿರಿ, ತೀರ ಒಣಗಿದ ಗಾಳಿ ಚರ್ಮಕ್ಕೂ ಒಳಗಿನ ಜಿಡ್ಡಿಗೂ ಒಳ್ಳೆಯದಲ್ಲ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಕೆಟ್ಟದ್ದು. ಕಿತ್ತಳೆ ಬಣ್ಣದ್ದು ವಾಸಿ. ಬಣ್ಣ ಬದಲಾದಾಗ ಒವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ.

ಹಿಡಿದ ಬೂಷ್ಟನ್ನು ಏನು ಮಾಡುವುದು? ಮುಂದಿನ ಗಾಜಿನ ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ, ಸುಮ್ಮನೆ ಬಳಸಿ. ಹಿಂದಿನ ಗಾಜಿನಲ್ಲಿದ್ದರೆ ಪರಿಣಾಮ ಹೆಚ್ಚು, ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ಮಂಜುಮಂಜಾಗುತ್ತದೆ. ಕೈಗೆ ಸಿಗುವ ಮೇಲ್ಮೈಯನ್ನು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ತೇವ ಮಾಡಿದ ಲೆನ್ಸ್ ಕಾಗದದಿಂದ ಒರೆಸಬಹುದು. ಬೂಷ್ಟು ಹೋದ ಮೇಲೂ ಗೆರೆಗಳು ಉಳಿದರೆ ಅದು ಲೇಪವನ್ನು ತಿಂದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಎರಡು ಗಾಜುಗಳನ್ನು ಅಂಟಿಸಿದ ಜೋಡಿಯ ನಡುವೆ ಇದ್ದರೂ ಅಷ್ಟೆ.

ಹಳೆಯ ಲೆನ್ಸ್, ಹೊಸ ಕ್ಯಾಮೆರಾ

ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಬಹುದೇ ಎಂಬುದನ್ನು ಒಂದೇ ಕಳೆಯುವ ಲೆಕ್ಕ ತೀರ್ಮಾನಿಸುತ್ತದೆ. ಪ್ರತಿ ಮೌಂಟಿಗೂ, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸುವ ವ್ಯವಸ್ಥೆಗೂ, ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ ಇಷ್ಟೇ ದೂರ ಎಂಬ ಅಳತೆಯಿದೆ. ನಿಕಾನ್ ಎಫ್ 46.5 ಮಿ.ಮೀ., ಎಂ42 ಮತ್ತು ಪೆಂಟ್ಯಾಕ್ಸ್ ಕೆ 45.46, ಕ್ಯಾನನ್ ಇಎಫ್ 44, ಮಿನೋಲ್ಟಾ ಎಸ್‌ಆರ್ 43.5, ಕ್ಯಾನನ್ ಎಫ್‌ಡಿ 42. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದು ಬಹಳ ಕಡಿಮೆ: ಸೋನಿ ಇ 18, ಮೈಕ್ರೊ ಫೋರ್ ಥರ್ಡ್ಸ್ 19.25, ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16. ಲೆನ್ಸಿನ ಅಳತೆಯಿಂದ ಕ್ಯಾಮೆರಾದ ಅಳತೆಯನ್ನು ಕಳೆದರೆ ಬರುವುದು ಅಡಾಪ್ಟರಿನ ದಪ್ಪ. ಎಂ42 ಲೆನ್ಸನ್ನು ಸೋನಿ ಇ ಮೌಂಟಿಗೆ ಹಾಕಲು 27.46 ಮಿ.ಮೀ. ಖಾಲಿ ಕೊಳವೆ ಸಾಕು, ಗಾಜೇನೂ ಬೇಡ. ಎಂ42 ಲೆನ್ಸ್ ಕ್ಯಾನನ್ ಇಎಫ್ ಕ್ಯಾಮೆರಾಕ್ಕೂ ಕೂರುತ್ತದೆ, 1.46 ಮಿ.ಮೀ. ಉಂಗುರದಲ್ಲಿ. ಆದರೆ ಎಫ್‌ಡಿ ಲೆನ್ಸ್ ಇಎಫ್ ಕ್ಯಾಮೆರಾಕ್ಕೆ ಹಾಕಿದರೆ ಲೆಕ್ಕ ಋಣವಾಗುತ್ತದೆ, ದೂರದ ವಸ್ತುವಿಗೆ ಫೋಕಸ್ ಸಿಗುವುದಿಲ್ಲ. ಅದಕ್ಕೆ ಗಾಜಿರುವ ಅಡಾಪ್ಟರ್ ಮಾರುತ್ತಾರೆ, ಚಿತ್ರ ಸೊರಗುತ್ತದೆ. ಅದು ಬೇಡ.

ಹಾಕಿದ ಮೇಲೆ ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್ ಬಿಡು’ ಎಂಬ ಅರ್ಥದ ಆಯ್ಕೆಯನ್ನು ಆನ್ ಮಾಡಬೇಕು, ಇಲ್ಲದಿದ್ದರೆ ಕೆಲವು ಕ್ಯಾಮೆರಾ ಚಿತ್ರವನ್ನೇ ತೆಗೆಯುವುದಿಲ್ಲ. ಫೋಕಸನ್ನು ಚಿತ್ರ ಹಿಗ್ಗಿಸಿ ನೋಡಿ ಕೂರಿಸಿ. ಬಣ್ಣದ ಅಂಚು ತೋರಿಸುವ ಪೀಕಿಂಗ್ ಅಂದಾಜಿಗೆ ಸರಿ, ಎಫ್/1.4ರಲ್ಲಿ ಅದನ್ನು ನಂಬಿದರೆ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4ರಂಥ ಕೆಲವು ಹಳೆಯ ಲೆನ್ಸುಗಳ ಗಾಜು ಹಳದಿಯಾಗಿರುತ್ತದೆ. ಗಾಜಿನಲ್ಲಿ ಥೋರಿಯಂ ಇರುವುದು ಅದಕ್ಕೆ ಕಾರಣ. ಕೆಲವು ದಿನ ಅತಿನೇರಳೆ ದೀಪದಡಿ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಹಳೆಯ ಫ್ಲ್ಯಾಷನ್ನು ಮಾತ್ರ ಹಾಗೇ ಸಿಕ್ಕಿಸಬೇಡಿ. ಕೆಲವು ಹಳೆಯ ಫ್ಲ್ಯಾಷುಗಳ ಟ್ರಿಗರ್ ಪಿನ್ನಿನಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ. ಕೆಲವು ಡಿಜಿಟಲ್ ಕ್ಯಾಮೆರಾಗಳು ತಾಳುವುದು 6 ವೋಲ್ಟ್ ಮಾತ್ರ. ಫ್ಲ್ಯಾಷ್ ಚಾರ್ಜಾದ ಮೇಲೆ ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಕೆಳಗಿನ ನಡುಪಿನ್ನಿಗೂ ಬದಿಯ ಲೋಹಕ್ಕೂ ನಡುವೆ ಅಳೆಯಿರಿ, ಕೈಪಿಡಿಯಲ್ಲಿರುವ ಮಿತಿಯೊಂದಿಗೆ ಹೋಲಿಸಿ. ಫ್ಲ್ಯಾಷನ್ನು ಬಿಚ್ಚುವುದಂತೂ ಬೇಡವೇ ಬೇಡ. ಬ್ಯಾಟರಿ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ಬೆಲ್ಟು, ಮುಳ್ಳು, ಸ್ಪೀಕರು

ಆಡಿಯೊಗೆ ಬರೋಣ. ಕ್ಯಾಸೆಟ್ ಡೆಕ್ ಸತ್ತಿದೆ ಎಂದರೆ ಮೊದಲು ಬೆಲ್ಟ್ ನೋಡಿ. ಪ್ಲೇ ಒತ್ತಿದಾಗ ಮೋಟಾರಿನ ಸದ್ದು ಕೇಳಿ, ರೀಲು ತಿರುಗದಿದ್ದರೆ ಹೆಚ್ಚುಕಡಿಮೆ ಅದೇ. ಕೆಲವು ಬೆಲ್ಟುಗಳು ಸಡಿಲವಾಗುತ್ತವೆ, ಕೆಲವು ಕರಗಿ ಕಪ್ಪು ಜಿಡ್ಡಾಗುತ್ತವೆ. ಜಿಡ್ಡನ್ನು ಆಲ್ಕೊಹಾಲಿನಿಂದ ಪೂರ್ತಿ ತೆಗೆಯದೆ ಹೊಸ ಬೆಲ್ಟ್ ಹಾಕಿದರೆ ವೇಗ ಏರಿಳಿಯುತ್ತದೆ. ಹಳೆಯ ಬೆಲ್ಟಿನ ಅಳತೆಯನ್ನು ನಂಬಬೇಡಿ, ಅದು ಹಿಗ್ಗಿರುತ್ತದೆ. ಬೆಲ್ಟ್ ಓಡುವ ಹಾದಿಯಲ್ಲೇ ದಾರ ಸುತ್ತಿ ಅಳೆದು, ಅದರಲ್ಲಿ ಶೇಕಡಾ 5ರಿಂದ 10 ಕಳೆಯಿರಿ. ದಾರ 220 ಮಿ.ಮೀ. ಬಂದರೆ ಬೆಲ್ಟಿನ ಸುತ್ತಳತೆ 200–210 ಇರಲಿ, ಅಂದರೆ ಒಳವ್ಯಾಸ 64ರಿಂದ 67 ಮಿ.ಮೀ. ಅಗಲ ಮತ್ತು ದಪ್ಪ ಹಳೆಯದರಂತೆಯೇ. ಬಿಗಿ ಹೆಚ್ಚಾದರೆ ಮೋಟಾರಿನ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಟೇಪು ಸುತ್ತಿಕೊಳ್ಳದೆ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಟ್ಟು ಕಟ್ಟುವ ರಬ್ಬರ್ ಬ್ಯಾಂಡ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಅದನ್ನು ಹಾಕಿದರೆ ಹಾಡು ಅಲೆಯುತ್ತದೆ.

ಬೆಲ್ಟ್ ಹಾಕಿದ ಮೇಲೆ ಟೇಪನ್ನು ಓದುವ ಹೆಡ್, ಟೇಪನ್ನು ಎಳೆಯುವ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್, ಟೇಪನ್ನು ಅದಕ್ಕೆ ಒತ್ತುವ ರಬ್ಬರ್ ಚಕ್ರವಾದ ಪಿಂಚ್ ರೋಲರ್ ಈ ಮೂರನ್ನು ಶೇಕಡಾ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್‌ನಿಂದ ಒರೆಸಿ. ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಬೇರೆ ಪದಾರ್ಥಗಳಿರುತ್ತವೆ, ಅವು ಹೆಡ್ಡಿನ ಮೇಲೆ ಪದರವಾಗಿ ಉಳಿಯುತ್ತವೆ. ಆಮೇಲೆ ವೇಗ. ಟೇಪಿನ ವೇಗ ಸೆಕೆಂಡಿಗೆ 4.76 ಸೆಂ.ಮೀ. ಇರಬೇಕು. 3150 ಹರ್ಟ್ಸ್ ನಾದವಿರುವ ಪರೀಕ್ಷಾ ಟೇಪ್ ಹಾಕಿ, ಫೋನಿನ ಟ್ಯೂನರ್ ಆ್ಯಪಿನಲ್ಲಿ ನೋಡಿ, ಮೋಟಾರಿನ ಬೆನ್ನಲ್ಲಿರುವ ರಂಧ್ರದೊಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ಇದನ್ನು ಅಸಡ್ಡೆ ಮಾಡಬೇಡಿ. ವೇಗ ಶೇಕಡಾ 6 ತಪ್ಪಿದರೆ ಹಾಡಿನ ಶ್ರುತಿ ಅರ್ಧ ಸ್ವರ ಜರುಗುತ್ತದೆ. ವೇಗ ಹೆಚ್ಚಾದರೆ ಹಾಡಿದವರು ಅರ್ಧ ಸ್ವರ ಮೇಲೆ ಹಾಡಿದಂತೆ ಕೇಳುತ್ತದೆ.

ಬೇರೆ ಯಂತ್ರದಲ್ಲಿ ಧ್ವನಿಮುದ್ರಿಸಿದ ಟೇಪು ಮಂಕಾಗಿ ಕೇಳಿದರೆ ಹೆಡ್ಡಿನ ಓರೆ, ಅಂದರೆ ಆಜಿಮತ್, ಹೊಂದಿಲ್ಲ ಎಂದರ್ಥ. ಹೆಡ್ಡಿನ ಬದಿಯಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಕಾಣುತ್ತದೆ. ಮೊದಲು ಅದರ ಈಗಿನ ಸ್ಥಾನಕ್ಕೆ ಗುರುತು ಹಾಕಿ. ಆಂಪ್ಲಿಫೈಯರನ್ನು ಮೋನೊಗೆ ಇಡಿ, ಆಗ ವ್ಯತ್ಯಾಸ ಎದ್ದು ಕೇಳುತ್ತದೆ. ಕಾಲು ಸುತ್ತಿನೊಳಗೇ ಅತ್ತಿತ್ತ ತಿರುಗಿಸಿ, ‘ಸ’ಕಾರ ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಟೇಪು ಡಾಲ್ಬಿ ಬಿಯಲ್ಲಿ (ಟೇಪಿನ ಹಿಸ್ಸೆನ್ನುವ ಸದ್ದನ್ನು ತಗ್ಗಿಸುವ ವಿಧಾನ) ಮುದ್ರಿತವಾಗಿದ್ದರೆ ಡಾಲ್ಬಿ ಆನ್ ಇಟ್ಟೇ ಕೇಳಬೇಕು. ಮಂಕಾಯಿತೆಂದು ಡಾಲ್ಬಿ ಆರಿಸುವುದು ಪರಿಹಾರವಲ್ಲ.

ಗ್ರಾಮಫೋನ್ ರೆಕಾರ್ಡಿನ ಟರ್ನ್‌ಟೇಬಲ್ಲಿನಲ್ಲಿ ಮುಳ್ಳಿನ ಭಾರವೇ ಎಲ್ಲ. ತೋಳು ಒಳಕ್ಕೆ ಜಾರದಂತೆ ಹಿಡಿಯುವ ಆ್ಯಂಟಿ ಸ್ಕೇಟನ್ನು ಸೊನ್ನೆಗೆ ಇಟ್ಟು, ಹಿಂದಿನ ತೂಕವನ್ನು ತಿರುಗಿಸುತ್ತ ತೋಳು ಗಾಳಿಯಲ್ಲಿ ಮಟ್ಟವಾಗಿ ತೇಲುವಂತೆ ಮಾಡಿ. ಅಲ್ಲಿ ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತಂದು, ಬಳಿಕ ತೂಕವನ್ನೂ ಉಂಗುರವನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಜ್ಜಿಗೆ ಹೇಳಿದ ಭಾರಕ್ಕೆ ತನ್ನಿ, ಅನೇಕಕ್ಕೆ 1.5ರಿಂದ 2 ಗ್ರಾಂ. ಆ್ಯಂಟಿ ಸ್ಕೇಟನ್ನೂ ಅದೇ ಅಂಕಿಗೆ ಇಡಿ. ಹಗುರವಾದಷ್ಟೂ ರೆಕಾರ್ಡಿಗೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಭಾರ ಸಾಲದ ಮುಳ್ಳು ರೆಕಾರ್ಡಿನ ತೋಡಿನಲ್ಲಿ ಕುಣಿದು ಗೋಡೆಗಳನ್ನು ಕೆತ್ತುತ್ತದೆ. ವಜ್ರದ ಮುಳ್ಳು 500ರಿಂದ 1000 ಗಂಟೆ ಬಾಳುತ್ತದೆ. ಎಲ್‌ಪಿಯ ಎರಡು ಬದಿ ಸೇರಿ 40 ನಿಮಿಷವಾದರೆ 500 ಗಂಟೆ ಎಂದರೆ 750 ಎಲ್‌ಪಿ. 78 ವೇಗದ ಹಳೆಯ ತಟ್ಟೆಗಳಿಗೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದು ಸುಮಾರು 75. ಆ ತಟ್ಟೆಗಳು ಅರಗಿನವು, ಅವಕ್ಕೆ ಆಲ್ಕೊಹಾಲ್ ತಾಗಿದರೆ ತೋಡೇ ಕರಗುತ್ತದೆ.

ಟರ್ನ್‌ಟೇಬಲ್ಲಿನಿಂದ ಬರುವುದು 3–5 ಮಿಲಿವೋಲ್ಟ್ ಅಷ್ಟೇ. ಆಕ್ಸ್ ಇನ್‌ಪುಟ್ಟಿಗೆ ನೇರ ಕೊಟ್ಟರೆ ಸಣ್ಣಗೆ, ತಗಡಿನ ಸದ್ದಿನಂತೆ ಕೇಳುತ್ತದೆ. ನಡುವೆ ಈ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ ಬೇಕು. ಗುಂಯ್ ಎನ್ನುವ ಸದ್ದು ಬಂದರೆ ತೆಳ್ಳಗಿನ ಅರ್ತ್ ತಂತಿ ಸಿಕ್ಕಿಸಿದ್ದೀರಾ ನೋಡಿ.

ಆಂಪ್ಲಿಫೈಯರ್ ಮುಖ್ಯ ಕರೆಂಟಿನ ಮೇಲೆ ಓಡುವ ಯಂತ್ರ, ಇಲ್ಲಿ ಧೈರ್ಯಕ್ಕಿಂತ ಎಚ್ಚರ ಮುಖ್ಯ. ವರ್ಷಗಟ್ಟಲೆ ಮೂಲೆಯಲ್ಲಿದ್ದದ್ದನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಎಲೆಕ್ಟ್ರಿಕಲ್ ಕೆಲಸ ಬಲ್ಲವರಿಂದ 60ರಿಂದ 100 ವ್ಯಾಟಿನ ತಂತಿಯ ಬಲ್ಬನ್ನು ಸರಣಿಯಲ್ಲಿ ಜೋಡಿಸಿಕೊಂಡು ಆನ್ ಮಾಡಿಸಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆರಿಸಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಸ್ಪೀಕರ್ ಜೋಡಿಸುವ ಮೊದಲು ವಾಲ್ಯೂಮ್ ಸೊನ್ನೆಗಿಟ್ಟು ಸ್ಪೀಕರ್ ತುದಿಗಳಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ನಿಶ್ಚಿಂತೆ, 100 ದಾಟಿದರೆ ಸ್ಪೀಕರ್ ಜೋಡಿಸಬೇಡಿ. ಹಳೆಯ ಯಂತ್ರಗಳ ಪವರ್ ಪ್ರವೇಶದಲ್ಲಿ ಹಳದಿ ಪಾರದರ್ಶಕ ಹೊದಿಕೆಯ ಕಾಗದದ ಕೆಪಾಸಿಟರ್ ಇದ್ದು ಅದರಲ್ಲಿ ಬಿರುಕು ಕಂಡರೆ ಮೊದಲು ಅದನ್ನು ಬದಲಿಸಿ. ಬಿರುಕಿನಲ್ಲಿ ತೇವ ಇಳಿದು ಅದು ಒಂದು ದಿನ ಹೊಗೆ ಬಿಟ್ಟು ಸಿಡಿಯುತ್ತದೆ. ಅಷ್ಟೇ ಕೆಪಾಸಿಟೆನ್ಸ್ ಇರುವ, ಮುಖ್ಯ ಕರೆಂಟಿಗೆಂದೇ ಮಾಡಿದ ಎಕ್ಸ್2 ಸುರಕ್ಷತಾ ದರ್ಜೆಯದೇ ಹಾಕಬೇಕು.

ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ, ಒಂದು ಬದಿ ಆಗಾಗ ಕಡಿದುಹೋದರೆ ಕಾರಣ ಕಿಲುಬು. ಪ್ಲಗ್ ತೆಗೆದು ಎಲ್ಲ ಸ್ವಿಚ್ಚು, ನಾಬುಗಳನ್ನು ಮೂವತ್ತು ಸಲ ಆಡಿಸಿ. ಅನೇಕ ಯಂತ್ರಗಳು ಇಷ್ಟರಲ್ಲೇ ಸರಿಹೋಗುತ್ತವೆ. ಆಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ತುಕ್ಕು ಬಿಡಿಸುವ ಸಾಮಾನ್ಯ ಸ್ಪ್ರೇ ಅಲ್ಲ.

ಸ್ಪೀಕರಿನ ಕೋನಿನ ಸುತ್ತಲಿನ ಫೋಮು 15–25 ವರ್ಷಕ್ಕೆ ಬೆರಳು ತಾಗಿದರೆ ಉದುರುತ್ತದೆ. ಕೋನೂ ಅದನ್ನು ಆಡಿಸುವ ತಂತಿಯ ಸುರುಳಿಯಾದ ಕಾಯಿಲೂ ಚೆನ್ನಾಗಿದ್ದರೆ ಫೋಮಿನ ಉಂಗುರ ಮಾತ್ರ ಬದಲಿಸಿದರಾಯಿತು. ಹಳೆಯ ಫೋಮನ್ನೂ ಅಂಟನ್ನೂ ಪೂರ್ತಿ ತೆಗೆದು, ಹೊಸ ಉಂಗುರವನ್ನು ಬಿಳಿ ಪಿವಿಎ ಅಂಟಿನಿಂದ ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಡಿ. ಚೌಕಟ್ಟಿಗೆ ಅಂಟಿಸಿದ ಮೇಲೆ, ಅಂಟು ಹಸಿಯಿರುವಾಗಲೇ 30 ಹರ್ಟ್ಸ್ ನಾದವನ್ನು ತೀರ ಸಣ್ಣಗೆ ಕೊಟ್ಟು, ಉಜ್ಜುವ ಸದ್ದು ಕೇಳದ ಹಾಗೆ ಕೋನನ್ನು ನಡುವಿಗೆ ತನ್ನಿ. ನಂತರ 24 ಗಂಟೆ ಮುಟ್ಟಬೇಡಿ. ಕಾಯಿಲ್ ಚೆನ್ನಾಗಿದೆಯೇ ಎಂದು ಮೊದಲೇ ನೋಡುವುದು ಸುಲಭ: 8 ಓಮಿನ ಸ್ಪೀಕರು ಮೀಟರಿನಲ್ಲಿ 5.5ರಿಂದ 7 ಓಮ್ ತೋರಿಸಬೇಕು.

ಸಭಿಕರ ಪ್ರಶ್ನೆಗಳು

ಹಳೆಯದನ್ನು ಹುಡುಕಿ ಹುಡುಕಿ ಕೊಳ್ಳುವುದೂ ಕೊಳ್ಳುಬಾಕತನವೇ ಅಲ್ಲವೇ ಎಂದು ಒಬ್ಬರು ಕೇಳಿದರು. ಖಂಡಿತ ಹೌದು. ಹತ್ತು ಕ್ಯಾಮೆರಾ ಕಪಾಟಿನಲ್ಲಿಟ್ಟು ಒಂದನ್ನೂ ಬಳಸದಿದ್ದರೆ ಹತ್ತರ ಶಟರೂ ಜಡ್ಡುಗಟ್ಟುತ್ತದೆ. ಈ ಯಂತ್ರಗಳು ಓಡಾಡುತ್ತಿದ್ದರೆ ಉಳಿಯುತ್ತವೆ. ಮನೆಯಲ್ಲಿರುವುದನ್ನು ಮೊದಲು ಸರಿಮಾಡಿ, ಅದರಲ್ಲಿ ಆಗದ ಕೆಲಸ ಎದುರಾದ ಮೇಲೆ ಇನ್ನೊಂದರ ಮಾತು. ಬಳಸದಿರುವುದನ್ನು ಬಳಸುವವರಿಗೆ ಕೊಡಿ.

ಯಾವುದನ್ನು ಕೈಬಿಡಬೇಕು? ಶಟರಿನ ಪರದೆ ಹರಿದದ್ದು, ಒಳಗೆ ನೀರು ಹೋಗಿ ಸರ್ಕಿಟ್ ಹಸಿರುಗಟ್ಟಿದ್ದು, ಹೆಡ್ಡಿನಲ್ಲಿ ಉಗುರಿಗೆ ತಾಕುವ ತೋಡು ಬಿದ್ದ ಡೆಕ್ಕು, ಆ ಯಂತ್ರಕ್ಕೆಂದೇ ಮಾಡಿದ ಐಸಿ (ಚಿಪ್ಪು) ಸುಟ್ಟದ್ದು. ಇವುಗಳನ್ನು ಬಿಡಿಭಾಗಕ್ಕೆಂದು ಇಟ್ಟುಕೊಳ್ಳಿ. ಸಿಡಿ ಪ್ಲೇಯರ್ ಡಿಸ್ಕನ್ನು ಓದದಿದ್ದರೆ ಮಾತ್ರ ಅವಸರ ಬೇಡ. ಲೇಸರಿನ ಪುಟ್ಟ ಲೆನ್ಸನ್ನು ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ, ಅದು ಜಾರುವ ಹಳಿಯ ಒಣಗಿದ ಗ್ರೀಸು ತೆಗೆದು ಹೊಸದು ಸವರಿ ನೋಡಿ. ಲೇಸರಿನ ಪಕ್ಕದ ಸಣ್ಣ ತಿರುಗಣೆಯನ್ನು ಮುಟ್ಟಬೇಡಿ.

ಮನೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ ಎಂದು ಹಲವರು ಕೇಳಿದರು. ಮೊದಲು ಹೆಡ್ ಒರೆಸಿ. ಟೇಪನ್ನು ಕೊನೆಯವರೆಗೆ ಮುಂದಕ್ಕೂ ಹಿಂದಕ್ಕೂ ಒಮ್ಮೆ ಓಡಿಸಿ, ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಕ್ಯಾಸೆಟ್ಟಿನಿಂದ ಉದುರಿದ್ದರೆ ಟೇಪನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಹೊದಿಕೆಗೆ ವರ್ಗಾಯಿಸಿ. ಸಿ-120 ಟೇಪು 9 ಮೈಕ್ರಾನ್ ದಪ್ಪ ಮಾತ್ರ, ಅದನ್ನು ವೇಗವಾಗಿ ಓಡಿಸದೆ ಪ್ಲೇಯಲ್ಲೇ ಸಾಗಿಸಿ. ಪ್ರತಿ ಟೇಪಿಗೂ ಆಜಿಮತ್ ಕೂರಿಸಿ. ಈ ಹೆಜ್ಜೆ ಬಿಟ್ಟರೆ ಕಳೆದುಹೋದ ತಾರ ಧ್ವನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ತರಲಾರದು. ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ ಕೊಟ್ಟು, 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ, ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದಂತೆ ಮುದ್ರಿಸಿ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಕಡತ ಸುಮಾರು 1.55 ಜಿಬಿ ಆಗುತ್ತದೆ. ಅದನ್ನು ಎಫ್‌ಎಲ್‌ಎಸಿ (FLAC) ಎಂಬ ಕುಗ್ಗಿಸಿದ ಕಡತವಾಗಿ ಮಾಡಿದರೆ ಗುಣ ಕೆಡದೆ ಜಾಗ ಉಳಿಯುತ್ತದೆ. ಸದ್ದು ತೆಗೆಯುವ ಫಿಲ್ಟರುಗಳನ್ನು ಮೂಲ ಕಡತಕ್ಕೆ ಹಾಕಬೇಡಿ, ಪ್ರತಿಗೆ ಹಾಕಿ. ಕಡತದ ಹೆಸರಿನಲ್ಲಿ ಹಾಡಿದವರು ಅಥವಾ ಮಾತಾಡಿದವರು, ವರ್ಷ, ಕ್ಯಾಸೆಟ್ಟಿನ ಬದಿ ಇರಲಿ. ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇಡಿ. ಟೇಪನ್ನು ಎಸೆಯಬೇಡಿ, ಇನ್ನೂ ಚೆನ್ನಾದ ಡೆಕ್ ಸಿಕ್ಕಾಗ ಮತ್ತೊಮ್ಮೆ ಇಳಿಸಬೇಕಾದೀತು.